ಮುಳ್ಳು ಏರಿದಾಗ ಕಾದದ್ದು ಎಂಜಿನ್ನೋ, ಮೀಟರೋ?

ಬೇಸಿಗೆ ಬಂತೆಂದರೆ ಸೋಮಂದೇಪಲ್ಲಿಯ ಬಳಿ 44ನೇ ರಾಷ್ಟ್ರೀಯ ಹೆದ್ದಾರಿಯ ಅಂಚಿನಲ್ಲಿ ಬಾನೆಟ್ ಎತ್ತಿ ನಿಂತ ಕಾರುಗಳು ಕಣ್ಣಿಗೆ ಬೀಳುತ್ತವೆ. ಪಕ್ಕದ ಎರ್ರಮಂಚಿಯ ಕಾರ್ಖಾನೆಯಿಂದ 2019ರಿಂದ ಹೊಸ ಕಾರುಗಳು ಹೊರಬರುತ್ತಿದ್ದರೂ, ಮಡಕಶಿರಾ, ಅಗಳಿ, ರೊಳ್ಳ, ಅಮರಾಪುರಗಳ ನಮ್ಮ ಕನ್ನಡ ಮನೆಗಳ ಮುಂದೆ ನಿಂತಿರುವುದು ಹೆಚ್ಚಾಗಿ ಎರಡನೆಯ, ಮೂರನೆಯ ಕೈಗೆ ಬಂದ ಹಳೆಯ ಗಾಡಿಗಳೇ. ಅವುಗಳ ಟೆಂಪರೇಚರ್ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿದೊಡನೆ ಎಂಜಿನ್ ಬಿಚ್ಚಿಸಬೇಕೆಂದು ಗಾಬರಿಯಾಗುವವರುಂಟು. ಮೀಟರ್ ಕೆಟ್ಟಿದೆಯೆಂದು ಕಡೆಗಣಿಸಿ ಹೆಡ್ ಗ್ಯಾಸ್ಕೆಟ್ ಸುಟ್ಟುಕೊಳ್ಳುವವರೂ ಉಂಟು. ಸೆನ್ಸರಿನ ಬೆಲೆ ನೂರುಗಳಲ್ಲಿ, ಹೆಡ್ ಕೆಲಸದ ಖರ್ಚು ಹಲವು ಸಾವಿರಗಳಲ್ಲಿ. ಆದುದರಿಂದ ಯಾವುದು ಕೆಟ್ಟಿದೆಯೆಂದು ಮೊದಲೇ ತಿಳಿಯುವುದು ಲೇಸು.

ಮುಳ್ಳು ಎಂಜಿನ್ನಿನ ಶಾಖವನ್ನು ತಾನಾಗಿ ಅರಿಯದು. ಎಂಜಿನ್ನಿನೊಳಗೆ ಹರಿಯುವ ಕೂಲೆಂಟಿನಲ್ಲಿ ಮುಳುಗಿರುವ ಒಂದು ಪುಟ್ಟ ಸೆನ್ಸರ್ ಕಳುಹಿಸಿದ ಸುದ್ದಿಯನ್ನಷ್ಟೇ ಅದು ತೋರಿಸುತ್ತದೆ. ಹತ್ತನೆಯ ತರಗತಿಯ ವಿದ್ಯುತ್ ಪಾಠ ಓದಿದ ಮಕ್ಕಳಿಗೆ ಇದರ ಗುಟ್ಟು ಸುಲಭವಾಗಿ ತಿಳಿಯುತ್ತದೆ. ಲೋಹದ ತಂತಿ ಕಾದಂತೆ ಅದರ ರೋಧ ಹೆಚ್ಚುತ್ತದೆ. ಅರೆವಾಹಕದಿಂದ ಮಾಡಿದ ಈ ಸೆನ್ಸರಿನ ರೋಧವಾದರೋ ಕಾದಂತೆಲ್ಲ ಇಳಿಯುತ್ತದೆ. ರೋಧ ಇಳಿದರೆ ಮುಳ್ಳು ಏರುತ್ತದೆ. ಈ ಒಂದು ಸೂತ್ರದಿಂದ ಅರ್ಧ ರೋಗನಿರ್ಣಯ ಆದಂತೆಯೇ. ಸೆನ್ಸರಿನ ವೈರು ತುಂಡಾದರೆ ಕರೆಂಟು ಹರಿಯದು, ಮುಳ್ಳು ತಣ್ಣಗಿನ ಕೊನೆಯಲ್ಲೇ ಮಲಗಿರುತ್ತದೆ. ವೈರಿನ ಹೊದಿಕೆ ಸುಲಿದು ಎಂಜಿನ್ನಿನ ಲೋಹಕ್ಕೆ ತಗುಲಿದರೆ ಮುಳ್ಳು ನೇರವಾಗಿ ಕೆಂಪಿಗೆ ಹಾರುತ್ತದೆ.

ಹಾಗಾಗಿ ನೋಡಬೇಕಾದುದು ಮುಳ್ಳು ಎಲ್ಲಿದೆ ಎಂಬುದಕ್ಕಿಂತ ಅದು ಹೇಗೆ ಅಲ್ಲಿಗೆ ಹೋಯಿತು ಎಂಬುದನ್ನು. ಬೆಳಗಿನ ತಣ್ಣನೆಯ ಎಂಜಿನ್ನಿಗೆ ಕೀ ತಿರುಗಿಸಿದ ಕ್ಷಣದಲ್ಲೇ ಮುಳ್ಳು ಮೇಲೇರಿದರೆ ದೋಷ ವೈರಿನಲ್ಲೋ ಸೆನ್ಸರಿನಲ್ಲೋ ಇದೆ. ನಾಲ್ಕೈದು ಲೀಟರ್ ನೀರು ಒಂದು ಕ್ಷಣದಲ್ಲಿ ಕಾಯಲಾರದು. ಗುಂಡಿಗೆ ಚಕ್ರ ಬಿದ್ದಾಗಲೆಲ್ಲ ಮುಳ್ಳು ಕುಣಿದರೆ ಜೋಡಣೆ ಸಡಿಲವಾಗಿದೆ. ಪೆಟ್ರೋಲಿನ ಮುಳ್ಳೂ ಜೊತೆಗೂಡಿ ತಪ್ಪು ತೋರಿಸುತ್ತಿದ್ದರೆ ಮೀಟರ್ ಬೋರ್ಡಿನ ಅರ್ಥಿಂಗ್ ಅಥವಾ ವೋಲ್ಟೇಜನ್ನು ಪರೀಕ್ಷಿಸಬೇಕು. ಮುಳ್ಳು ನಿಧಾನವಾಗಿ ಏರುತ್ತಾ ನಡು ಗೆರೆ ದಾಟಿದರೆ ಮಾತ್ರ ಎಂಜಿನ್ ನಿಜವಾಗಿ ಕಾಯುತ್ತಿದೆಯೆಂದು ನಂಬಿರಿ. ನಿಂತಾಗ ಏರಿ, ಓಡುವಾಗ ಇಳಿದರೆ ರೇಡಿಯೇಟರ್ ಫ್ಯಾನಿನ ಮೇಲೆ ಅನುಮಾನ. ವೇಗವಾಗಿ ಓಡುವಾಗಲೇ ಏರಿದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು. ನಮ್ಮ ಸೀಮೆಯಲ್ಲಿ ಈ ಎರಡನೆಯದು ಆಶ್ಚರ್ಯವೇನಲ್ಲ. ಬೋರ್‌ವೆಲ್ಲಿನ ಗಡಸು ನೀರನ್ನೇ ರೇಡಿಯೇಟರಿಗೆ ಸುರಿಯುವ ರೂಢಿಯಿದೆ. ಕುದಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಹೆಕ್ಕಳವೇ ಅಲ್ಲಿಯೂ, ಸೆನ್ಸರಿನ ತುದಿಯಲ್ಲಿಯೂ ಕಟ್ಟುತ್ತದೆ. ಕೂಲೆಂಟನ್ನು ಬೆರೆಸಲು ಬ್ಯಾಟರಿಗೆ ಹಾಕುವ ಶುದ್ಧ ನೀರೇ ತಕ್ಕದ್ದು.

ಇಲ್ಲೊಂದು ಅಪಾಯದ ಮಾತನ್ನು ಬಿಡಿಸಿ ಹೇಳಬೇಕು. ನೀರೆಲ್ಲ ಸೋರಿಹೋದಾಗ ಸೆನ್ಸರಿನ ಸುತ್ತ ನೀರಿರದೆ ಬರಿಯ ಗಾಳಿಯೋ ಆವಿಯೋ ಇರುತ್ತದೆ. ಆಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಕಾಯುತ್ತಿದ್ದ ಮುಳ್ಳು ತಟ್ಟನೆ ಇಳಿದು, ಸಿಹಿ ವಾಸನೆಯೋ ಆವಿಯೋ ಕಂಡುಬಂದರೆ ಸಂತೋಷಪಡದೆ ಕೂಡಲೇ ನಿಲ್ಲಿಸಿರಿ. ಕಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾರೂ, ಅದರಲ್ಲೂ ಮಕ್ಕಳು, ಮುಟ್ಟಲೇಬಾರದು. ಒಳಗಿನ ಒತ್ತಡದಿಂದಾಗಿ ನೀರು 100 ಡಿಗ್ರಿ ಮೀರಿಯೂ ಕುದಿಯದೆ ಇರುತ್ತದೆ. ಮುಚ್ಚಳ ತೆರೆದೊಡನೆ ಅದು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ ಕಾದು, ಮೇಲಿನ ಹೋಸ್ ಮುಟ್ಟಲಾಗುವಷ್ಟು ತಣಿದ ಮೇಲೆ ನೋಡಿರಿ.

ಮುಳ್ಳು ಎಂದೂ ನಡುವಿಗೆ ಬಾರದಿದ್ದರೆ? ಥರ್ಮೋಸ್ಟಾಟ್ ತೆರೆದೇ ಉಳಿದಿರಬಹುದು. ತಣ್ಣಗಿನ ಎಂಜಿನ್ ಚಾಲೂ ಮಾಡಿ, ಫ್ಯಾನಿನಿಂದ ಕೈ ದೂರವಿಟ್ಟು, ಮೇಲಿನ ಹೋಸನ್ನು ಮುಟ್ಟಿ ನೋಡುತ್ತಿರಿ. ಸರಿಯಿದ್ದರೆ ಅದು ಕೆಲವು ನಿಮಿಷ ತಣ್ಣಗಿದ್ದು, ಆಮೇಲೆ ಬೇಗನೆ ಬಿಸಿಯಾಗುತ್ತದೆ. ಮೊದಲಿನಿಂದಲೂ ಮೆಲ್ಲಮೆಲ್ಲನೆ ಬೆಚ್ಚಗಾಗುತ್ತಿದ್ದರೆ ಥರ್ಮೋಸ್ಟಾಟ್ ಬದಲಿಸುವ ಕಾಲ ಬಂದಿದೆ.

ಹಳೆಯ ಒಂಟಿ ವೈರಿನ ಸೆನ್ಸರಿದ್ದರೆ ಮೆಕ್ಯಾನಿಕ್ ಆ ವೈರನ್ನು ಕಳಚಿ ಎಂಜಿನ್ ಲೋಹಕ್ಕೆ ಒಂದು ಕ್ಷಣ ತಾಕಿಸುತ್ತಾರೆ. ಮುಳ್ಳು ಪೂರ್ತಿ ಏರಿದರೆ ಮೀಟರೂ ವೈರೂ ಸರಿಯಿವೆ, ಸೆನ್ಸರೇ ಕೆಟ್ಟಿದೆ. ಕಂಪ್ಯೂಟರ್ ಇರುವ ಕಾರುಗಳಿಗೆ ಈ ಉಪಾಯ ಬೇಡ. ಅವಕ್ಕೆ ಸ್ಕ್ಯಾನರ್ ಇದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಕೂಲೆಂಟಿನ ಉಷ್ಣತೆಯೂ ಹೊರಗಿನ ಗಾಳಿಯದೂ ಹೆಚ್ಚುಕಡಿಮೆ ಒಂದೇ ಇರಬೇಕು. ಸ್ಕ್ಯಾನರ್ ಮೈನಸ್ 40 ಡಿಗ್ರಿ ತೋರಿಸಿದರೆ ವೈರು ಕಡಿದಿದೆಯೆಂದೇ ತಿಳಿಯಬೇಕು, ಸೋಮಂದೇಪಲ್ಲಿಯಲ್ಲಿ ಹಿಮ ಬೀಳುವುದಿಲ್ಲವಷ್ಟೆ!

ಬಿಚ್ಚಿದ ಸೆನ್ಸರನ್ನು ಹಿರಿಯರ ಎದುರಿನಲ್ಲಿ ಮಕ್ಕಳೇ ಪರೀಕ್ಷಿಸಬಹುದು. ಮಲ್ಟಿಮೀಟರ್ ಜೋಡಿಸಿ ಅದರ ತುದಿಯನ್ನಷ್ಟೇ ನೀರಿನಲ್ಲಿ ಮುಳುಗಿಸಿ, ನೀರು ಕಾಯಿಸುತ್ತಾ ಥರ್ಮಾಮೀಟರಿನೊಡನೆ ಬರೆದುಕೊಳ್ಳಿರಿ. ಹಲವು ಸೆನ್ಸರುಗಳಲ್ಲಿ ತಣ್ಣೀರಿನಲ್ಲಿ 2000ದಿಂದ 3000 ಓಮ್ ಇದ್ದದ್ದು ಕುದಿಯುವ ಹೊತ್ತಿಗೆ 200ರ ಆಸುಪಾಸಿಗೆ ಇಳಿಯುತ್ತದೆ. ಇಳಿಕೆ ನಯವಾಗಿರಬೇಕು, ನಡುವೆ ಜಿಗಿದರೆ ಸೆನ್ಸರ್ ಕೆಟ್ಟಿದೆ. ಹಿಂದೂಪುರದ ಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ನಮ್ಮ ನೀರು 98 ಡಿಗ್ರಿಯಲ್ಲೇ ಕುದಿಯುತ್ತದೆ. ಥರ್ಮಾಮೀಟರ್ ತಪ್ಪೆಂದು ಭಾವಿಸಬೇಡಿರಿ.

ಗ್ಯಾರೇಜಿನಲ್ಲಿ ಮಾತು ತೆಲುಗಿನಲ್ಲಿ ನಡೆಯುವುದೆಂದು ಹಿಂಜರಿಯಬೇಕಾಗಿಲ್ಲ. ಥರ್ಮೋಸ್ಟಾಟ್, ಸೆನ್ಸರ್, ಕೂಲೆಂಟ್ ಎಂಬ ಹೆಸರುಗಳು ಎರಡೂ ಭಾಷೆಗಳಲ್ಲಿ ಅವೇ. ಹೆಡ್ ಬಿಚ್ಚುವ ಮೊದಲು ಸೆನ್ಸರ್, ವೈರು, ಥರ್ಮೋಸ್ಟಾಟ್, ಫ್ಯಾನು ಇವನ್ನು ನೋಡಿರೆಂದು ಕೇಳುವುದು ಹಣ ಕೊಡುವವರ ಹಕ್ಕು. ಮುಳ್ಳೇ ಇಲ್ಲದೆ ಬರಿಯ ಕೆಂಪು ದೀಪವಿರುವ ಸಣ್ಣ ಕಾರುಗಳವರು ಕೀ ತಿರುಗಿಸಿದಾಗ ಆ ದೀಪ ಒಮ್ಮೆ ಹೊತ್ತಿ ಆರುವುದೇ ಎಂದು ಗಮನಿಸುತ್ತಿರಲಿ. ಮೊದಲು ಹೊತ್ತುತ್ತಿದ್ದದ್ದು ಈಗ ಹೊತ್ತದಿದ್ದರೆ ಅದನ್ನು ಕೂಡಲೇ ತೋರಿಸಬೇಕು.