ಹಿಂದಣ ಅಚ್ಚಿನ ಸಮದರ್ಶಿ

ವಾಹನವು ತಿರುವಿನಲ್ಲಿ ಸಾಗುವಾಗ ಹೊರಬದಿಯ ಗಾಲಿ ಒಳಬದಿಯದಕ್ಕಿಂತ ಹೆಚ್ಚು ದೂರ ಕ್ರಮಿಸಲೇಬೇಕೆಂಬುದು ರೇಖಾಗಣಿತದ ಸರಳ ನಿಯಮ. ಆದರೆ ಆ ಹೆಚ್ಚಳವೆಷ್ಟೆಂದು ಗಣಿಸಲು ಹೊರಟವರಿಗೆ ಅಲ್ಲೊಂದು ಕೌತುಕ ಎದುರಾಗುವುದು. ಹಿಂದಣ ಗಾಲಿಗಳ ನಡುವಣ ಅಂತರ 1.6 ಮೀಟರ್ ಆಗಿದ್ದರೆ, ಪೂರ್ಣವೃತ್ತವೊಂದನ್ನು ಸುತ್ತಿ ಬರುವಷ್ಟರಲ್ಲಿ ಹೊರಗಾಲಿಯು ಒಳಗಾಲಿಗಿಂತ ಸುಮಾರು 10 ಮೀಟರ್ ಹೆಚ್ಚು ಉರುಳಿರುತ್ತದೆ. ಆ ವೃತ್ತ ಸಂತೆಯ ಬಯಲಿನಷ್ಟು ಕಿರಿದಾಗಿರಲಿ, ಊರನ್ನೇ ಬಳಸುವಷ್ಟು ಹಿರಿದಾಗಿರಲಿ, ಈ ವ್ಯತ್ಯಾಸ ಬದಲಾಗದು. ಎರಡು ಗಾಲಿಗಳನ್ನೂ ಒಂದೇ ಸಲಾಕೆಗೆ ಬಿಗಿದು ಎಂಜಿನ್ನಿನಿಂದ ತಿರುಗಿಸಿದ್ದಾದರೆ, ಒಂದೋ ಗಾಲಿ ನೆಲವನ್ನು ಉಜ್ಜುತ್ತ ಜಾರಬೇಕು, ಇಲ್ಲವೆ ಸಲಾಕೆ ಮುರಿಯಬೇಕು. ಈ ಸಂಕಟದ ಪರಿಹಾರಕ್ಕಾಗಿ 1820ರ ದಶಕದ ಅಂತ್ಯದಲ್ಲಿ ಫ್ರಾನ್ಸಿನ ಗಡಿಯಾರಕಾರ ಒನೆಸಿಫೋರ್ ಪೆಕರ್ ಎಂಬಾತನು ಉಗಿಬಂಡಿಗೆಂದು ರೂಪಿಸಿ ಪೇಟೆಂಟ್ ಪಡೆದ ಹಲ್ಲುಗಾಲಿಗಳ ಕೂಟವೇ, ಇಂದಿಗೂ ಡಿಫರೆನ್ಷಿಯಲ್ ಎಂಬ ಹೆಸರಿನಿಂದ ವಾಹನಗಳ ಹಿಂದಣ ಅಚ್ಚಿನ ಉಬ್ಬಿದ ಉದರದಲ್ಲಿ ಅಡಗಿ ಕುಳಿತಿರುವುದು.

ಇದರ ರಚನೆ ಇಂತಿದೆ. ಎಂಜಿನ್ನಿನ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟಿಗೆ ಕೂಡಿದ ಸಣ್ಣ ಪಿನಿಯನ್ನು ದೊಡ್ಡದಾದ ಕ್ರೌನ್ ವೀಲನ್ನು ತಿರುಗಿಸುತ್ತದೆ. ಕ್ರೌನ್ ವೀಲಿಗೆ ಬಿಗಿದ ಪಂಜರವು ಅದರೊಡನೆ ಸುತ್ತುತ್ತದೆ. ಪಂಜರದ ನಡುವೆ ತೂರಿಸಿದ ಅಡ್ಡಗೂಟದ ಮೇಲೆ ಸ್ಟಾರ್ ಪಿನಿಯನ್ನುಗಳಿದ್ದು, ಅವು ತಮ್ಮ ಎರಡು ಪಕ್ಕದ ಪಾರ್ಶ್ವಚಕ್ರಗಳ ಮೂಲಕ ಎಡಬಲದ ಗಾಲಿಗಳ ಶಾಫ್ಟುಗಳನ್ನು ನಡೆಸುತ್ತವೆ. ಭಾರವನ್ನು ನೊಗದ ನಟ್ಟನಡುವೆ ಕಟ್ಟಿದಾಗ ಎರಡು ಎತ್ತುಗಳಿಗೂ ಸಮನಾದ ಹೊರೆ ಬೀಳುವಂತೆಯೂ, ಒಂದೆತ್ತು ತುಸು ಮುಂದಾಗಿ ಇನ್ನೊಂದು ಹಿಂದಾದರೂ ನೊಗದ ನಡುಭಾಗವು ಅವೆರಡರ ಸರಾಸರಿ ವೇಗದಲ್ಲಿಯೇ ಸಾಗುವಂತೆಯೂ, ಸ್ಟಾರ್ ಪಿನಿಯನ್ನು ಎರಡು ಗಾಲಿಗಳಿಗೂ ಸಮಬಲವನ್ನು ಹಂಚಿ, ವೇಗವನ್ನು ಮಾತ್ರ ಅವುಗಳ ಇಚ್ಛೆಗೆ ಬಿಡುತ್ತದೆ. ನೇರವಾದ ದಾರಿಯಲ್ಲಿ ಅದು ತನ್ನ ಗೂಟದ ಮೇಲೆ ತಿರುಗುವುದೇ ಇಲ್ಲ. ತಿರುವಿನಲ್ಲಿ ತಿರುಗಿದರೂ ಅತಿ ನಿಧಾನವಾಗಿ.

ಈ ಸಮದರ್ಶಿತ್ವವೇ ಯಂತ್ರದ ಗುಣ, ಅದೇ ಅದರ ದೋಷವೂ ಹೌದು. ಒಂದು ಗಾಲಿ ಕೆಸರಿನಲ್ಲಿ ಹೂತಾಗ, ಅದನ್ನು ತಿರುಗಿಸಲು ಬೇಕಾಗುವ ಬಲ ಅತ್ಯಲ್ಪ. ಗಟ್ಟಿನೆಲದ ಮೇಲಿರುವ ಇನ್ನೊಂದಕ್ಕೂ ಅಷ್ಟೇ ಅಲ್ಪಬಲ ದೊರೆತು ಅದು ನಿಶ್ಚಲವಾಗುವುದು. ಸರಾಸರಿಯ ನಿಯಮದಂತೆ, ಒಂದು ನಿಂತಾಗ ಮತ್ತೊಂದು ಕ್ರೌನ್ ವೀಲಿನ ಇಮ್ಮಡಿ ವೇಗದಲ್ಲಿ ಸುತ್ತಬೇಕು. ಚಾಲಕನು ಸಿಟ್ಟಿನಿಂದ ಆಕ್ಸಿಲರೇಟರನ್ನು ಒತ್ತಿದಷ್ಟೂ, ನಿಧಾನಗತಿಗೆಂದೇ ನಿರ್ಮಿತವಾದ ಸ್ಟಾರ್ ಪಿನಿಯನ್ನುಗಳು ಗೂಟದ ಮೇಲೆ ಉನ್ಮತ್ತವಾಗಿ ತಿರುಗಿ, ನಡುವಣ ತೈಲದ ಪೊರೆ ಹರಿದು, ಲೋಹಕ್ಕೆ ಲೋಹ ಕಚ್ಚಿಕೊಳ್ಳುತ್ತದೆ.

ಹಳೆಯ ಪಿಕಪ್ ಟ್ರಕ್ಕುಗಳಲ್ಲಿ ಡಿಫರೆನ್ಷಿಯಲ್ ಬದಲಿಸುವ ವಿದ್ಯೆಗೆ ಅಮೆರಿಕದ ಫೋರ್ಡ್ ಎಫ್-100 ಒಳ್ಳೆಯ ನಿದರ್ಶನ. ಅದರ ಹಿಂದಣ ಅಚ್ಚಿನಲ್ಲಿ ಬಹುಕಾಲ ಕೆಲಸಮಾಡಿದುದು, 1957ರಲ್ಲಿ ಬಳಕೆಗೆ ಬಂದು 1980ರ ದಶಕದ ಮಧ್ಯದವರೆಗೂ ತಯಾರಾದ, 9 ಅಂಗುಲ ವ್ಯಾಸದ ಕ್ರೌನ್ ವೀಲುಳ್ಳ ಡಿಫರೆನ್ಷಿಯಲ್. ಅದರ ರೋಗವನ್ನು ಅನುಭವಸ್ಥ ಮೆಕ್ಯಾನಿಕ್ ಮೊದಲು ಕಿವಿಯಿಂದಲೇ ಅರಿಯುತ್ತಾನೆ. ಆಕ್ಸಿಲರೇಟರ್ ಒತ್ತಿದಾಗ ಊಳಿಟ್ಟು, ಕಾಲು ತೆಗೆದೊಡನೆ ಸ್ವರ ಬದಲಾದರೆ ಕ್ರೌನ್ ಮತ್ತು ಪಿನಿಯನ್ನುಗಳ ಹಲ್ಲುಗಳು ಸರಿಯಾಗಿ ಕೂಡುತ್ತಿಲ್ಲವೆಂದೂ, ಭಾರವಿರಲಿ ಇಲ್ಲದಿರಲಿ ವೇಗದೊಡನೆ ಏರುವ ಮೊರೆತವಾದರೆ ಬೇರಿಂಗು ಸವೆದಿದೆಯೆಂದೂ, ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಸ್ಟಾರ್ ಪಿನಿಯನ್ನುಗಳು ಕೆಟ್ಟಿವೆಯೆಂದೂ ಅವನು ಊಹಿಸುವನು. ಊಹೆಯನ್ನು ದೃಢಪಡಿಸುವುದು ತೈಲ: ಅದರಲ್ಲಿ ನುಣುಪಾದ ಬೂದುಬಣ್ಣದ ಲೇಪವಿದ್ದರೆ ಅದು ವಯಸ್ಸಿನ ಸಹಜ ಸವೆತ, ಉಕ್ಕಿನ ಚೂರುಗಳು ದೊರೆತರೆ ಸಂಶಯಕ್ಕೆ ಎಡೆಯಿಲ್ಲ.

ಈ ತೈಲವೂ ಸಾಮಾನ್ಯದ್ದಲ್ಲ. ಪಿನಿಯನ್ನಿನ ಅಕ್ಷವು ಕ್ರೌನ್ ವೀಲಿನ ಕೇಂದ್ರಕ್ಕಿಂತ ಕೆಳಗಿರುವ ಹೈಪಾಯ್ಡ್ ಜೋಡಣೆಯನ್ನು ರಾಚೆಸ್ಟರಿನ ಗ್ಲೀಸನ್ ಸಂಸ್ಥೆ ರೂಪಿಸಲು, 1926ರಲ್ಲಿ ಪ್ಯಾಕರ್ಡ್ ಕಾರುಗಳು ಅದನ್ನು ಅಳವಡಿಸಿಕೊಂಡವು. ಇದರಿಂದ ಶಾಫ್ಟು ತಗ್ಗಿತು, ಪಿನಿಯನ್ನು ದಪ್ಪವೂ ಬಲಿಷ್ಠವೂ ಆಯಿತು, ಸದ್ದು ಕಡಮೆಯಾಯಿತು. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದರೊಂದಿಗೆ ಉದ್ದಕ್ಕೂ ಜಾರತೊಡಗಿದವು. ಫೋರ್ಡಿನ ಈ ಅಚ್ಚಿನಲ್ಲಿ ಅಕ್ಷಗಳ ಅಂತರ ಎರಡು ಅಂಗುಲಕ್ಕೂ ಮಿಕ್ಕಿರುವುದರಿಂದ ಜಾರುವಿಕೆಯೂ ತಾಪವೂ ಹೆಚ್ಚು. ಆ ತಾಪದಲ್ಲಿ ಉಕ್ಕಿನೊಡನೆ ಸಂಯೋಗಗೊಂಡು ರಕ್ಷಕಪದರವನ್ನು ನಿರ್ಮಿಸುವ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಗೇರ್ ಆಯಿಲಿಗೆ ಸೇರಿಸಿರುವುದು ಈ ಕಾರಣದಿಂದಲೇ. ಅಚ್ಚಿನ ಮೇಲಣ ಸಣ್ಣ ಉಸಿರುಗೊಳವೆ ಮಣ್ಣಿನಿಂದ ಮುಚ್ಚಿಹೋದರೆ, ಬಿಸಿಯಾದ ಗಾಳಿಯ ಒತ್ತಡಕ್ಕೆ ಸೀಲುಗಳ ಸಂದಿನಿಂದ ತೈಲ ಸೋರಿ, ಯಂತ್ರವು ಯಾರಿಗೂ ಅರಿವಾಗದಂತೆ ಒಣಗುತ್ತದೆ.

ಬದಲಿಸುವ ಕಾರ್ಯದಲ್ಲಿ ಈ ವಿನ್ಯಾಸ ಉದಾರವಾದುದು. ಬೇರೆ ಎಷ್ಟೋ ಅಚ್ಚುಗಳಲ್ಲಿ ಹಲ್ಲುಗಾಲಿಗಳನ್ನು ವಾಹನದ ಅಡಿಯಲ್ಲಿ ಮಲಗಿಯೇ ಜೋಡಿಸಬೇಕಾದರೆ, ಇಲ್ಲಿ ಅವೆಲ್ಲವೂ ಒಂದೇ ಗಡ್ಡೆಯಾಗಿ ಮುಂಬದಿಯಿಂದ ಹೊರಬರುತ್ತವೆ. ಮುಂದಣ ಗಾಲಿಗಳಿಗೆ ತಡೆಯಿಟ್ಟು, ಹಿಂಭಾಗವನ್ನು ಭದ್ರವಾದ ಆಧಾರಗಳ ಮೇಲೆ ನಿಲ್ಲಿಸಿ, ಗಾಲಿಗಳನ್ನೂ ಬ್ರೇಕ್ ಡ್ರಮ್ಮುಗಳನ್ನೂ ಕಳಚಿ, ಪ್ರತಿ ಶಾಫ್ಟಿನ ನಾಲ್ಕು ನಟ್ಟುಗಳನ್ನು ಬಿಚ್ಚಿ, ಪಾರ್ಶ್ವಚಕ್ರಗಳಿಂದ ಬಿಡುಗಡೆಯಾಗುವಷ್ಟು ಶಾಫ್ಟುಗಳನ್ನು ಹೊರಗೆಳೆದು, ಪ್ರೊಪೆಲ್ಲರ್ ಶಾಫ್ಟನ್ನು ಬೇರ್ಪಡಿಸಿದ ಮೇಲೆ, ಸುತ್ತಲಿನ 10 ನಟ್ಟುಗಳಷ್ಟೇ ಉಳಿಯುತ್ತವೆ. ಗಡ್ಡೆ 30 ಕಿಲೋಗ್ರಾಮಿಗೂ ಮಿಕ್ಕಿ ತೂಗುವುದರಿಂದ ಅದರ ಕೆಳಗೆ ಜಾಕ್ ಇರತಕ್ಕದ್ದು. ತರುವಾಯ ಅಚ್ಚಿನ ಕೊಳವೆಗಳಲ್ಲಿ ಅಡಗಿರುವ ಲೋಹದ ಕಣಗಳನ್ನು ನಿಶ್ಶೇಷವಾಗಿ ತೊಳೆಯದಿದ್ದರೆ, ಹಳೆಯದರ ಭಗ್ನಾವಶೇಷಗಳೇ ಹೊಸ ಬೇರಿಂಗುಗಳನ್ನು ತಿಂದುಹಾಕುವುವು.

ನಿಜವಾದ ಕೌಶಲ ಕಾಣುವುದು ಮೇಜಿನ ಮೇಲೆ. 37 ಹಲ್ಲಿನ ಕ್ರೌನ್ ವೀಲಿಗೆ 9 ಹಲ್ಲಿನ ಪಿನಿಯನ್ನಾದರೆ ಅನುಪಾತ 4.11, ಈ ಎರಡು ಸಂಖ್ಯೆಗಳಿಗೆ ಸಾಮಾನ್ಯ ಅಪವರ್ತನವಿಲ್ಲದ ಕಾರಣ ಪಿನಿಯನ್ನಿನ ಪ್ರತಿಯೊಂದು ಹಲ್ಲೂ ಕ್ರೌನ್ ವೀಲಿನ ಪ್ರತಿಯೊಂದು ಹಲ್ಲನ್ನೂ ಸರದಿಯಂತೆ ಸಂಧಿಸಿ, ಸವೆತ ಸಮನಾಗಿ ಹಂಚಿಹೋಗುವುದು. ಕಾರ್ಖಾನೆಯಲ್ಲಿ ಒಂದಕ್ಕೊಂದು ಹೊಂದುವಂತೆ ತಿಕ್ಕಿದ ಈ ಜೋಡಿಯನ್ನು ಅಗಲಿಸಲಾಗದು; ಒಂದು ಕೆಟ್ಟರೆ ಎರಡನ್ನೂ ಬದಲಿಸಬೇಕು. ಪಿನಿಯನ್ನು ಎಷ್ಟು ಆಳದಲ್ಲಿರಬೇಕೆಂಬುದನ್ನು ತೆಳುವಾದ ಶಿಮ್ ತಗಡುಗಳಿಂದಲೂ, ಹಲ್ಲುಗಳ ನಡುವಣ ಸಂದನ್ನು ಎಡಬಲದ ತಿರುಪುಬಳೆಗಳಿಂದಲೂ ನಿಶ್ಚಯಿಸುತ್ತಾರೆ. ಸಂದು 0.2ರಿಂದ 0.3 ಮಿಲಿಮೀಟರಿನೊಳಗಿರಬೇಕು, ಕಡಮೆಯಾದರೆ ಬಿಸಿಯಾಗಿ ಹಿಗ್ಗಿದ ಹಲ್ಲುಗಳು ಕಚ್ಚಿಕೊಳ್ಳುವುವು, ಹೆಚ್ಚಾದರೆ ಪ್ರತಿ ಎಳೆತಕ್ಕೂ ಒಂದನ್ನೊಂದು ಬಡಿಯುವುವು. ಕೊನೆಗೆ ಹಲ್ಲುಗಳಿಗೆ ಬಣ್ಣದ ಲೇಪ ಹಚ್ಚಿ ತಿರುಗಿಸಿ, ಮೂಡಿದ ಗುರುತನ್ನು ಓದುತ್ತಾರೆ: ಹಲ್ಲಿನ ತುದಿಯತ್ತ ಮೂಡಿದರೆ ಪಿನಿಯನ್ನು ದೂರವಿದೆ, ಬುಡದತ್ತ ಮೂಡಿದರೆ ಅತಿ ಸಮೀಪವಿದೆ, ನಡುವೆ ಮೂಡಿದರೆ ಸ್ಥಾನ ಯುಕ್ತವಾಗಿದೆ.

ಹೊಸ ಗಡ್ಡೆ ಕೂತು, ತೈಲ ತುಂಬಿದ ಬಳಿಕವೂ ಕೆಲವು ನೂರು ಕಿಲೋಮೀಟರುಗಳವರೆಗೆ ಭಾರವೆಳೆಯದೆ, ಆಗಾಗ ನಿಲ್ಲಿಸಿ ತಣಿಸುತ್ತ ನಡೆಸುವುದು ವಿಹಿತ. ಆದರೆ ಹಳೆಯದು ಏಕೆ ನಾಶವಾಯಿತೆಂಬುದನ್ನು ತಿಳಿಯದೆ ಹೊಸದನ್ನು ಕೂರಿಸಿದರೆ ದುರಸ್ತಿ ಅರ್ಧವೇ ಆದಂತೆ. ಉಸಿರುಗೊಳವೆಯನ್ನು ಶುಚಿಯಾಗಿಡುವುದು ಉಳಿದರ್ಧದ ಒಂದು ಪಾಲು. ಇನ್ನೊಂದು ಪಾಲು ಚಾಲಕನ ಪಾದದಲ್ಲಿದೆ. ಗಾಲಿ ಕೆಸರಿನಲ್ಲಿ ಗಿರ್ರನೆ ತಿರುಗತೊಡಗಿದಾಗ ಕಾಲು ತೆಗೆದು, ಇಳಿದು, ಅದರಡಿಗೆ ಕಲ್ಲನ್ನೋ ಹಲಗೆಯನ್ನೋ ಕೊಡಬೇಕು. ಎರಡು ಪಕ್ಕಗಳಿಗೂ ಸಮಬಲವನ್ನು ಹಂಚುವ ಯಂತ್ರದಲ್ಲಿ, ಜಾರುವ ಗಾಲಿಗೆ ದೊರೆತ ಹಿಡಿತವಷ್ಟೂ ನಿಂತ ಗಾಲಿಯ ಬಲವಾಗಿಯೂ ಒದಗಿ, ಒಂದು ಹಲಗೆಯ ಉಪಕಾರ ಎರಡಾಗಿ ಫಲಿಸುವುದು.