ಅಂಗಳದಡಿಯ ನೀರು: ಅಳೆಯಲು ಒಂದು ಹಗ್ಗ ಸಾಕು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯ ಮೊದಲರ್ಧವನ್ನು ದೇಹೂ ರೋಡಿನಲ್ಲಿ ನೆಲೆಸಿದ ನಮ್ಮಲ್ಲಿ ಅನೇಕರು ಅನುಭವಿಸಿದ್ದೇವೆ. ಊರು ಬಿಟ್ಟು ಬಂದು, ಡಿಪೋದಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿದ ಹಣದಿಂದ ಎಬ್ಬಿಸಿದ ಆ ನಾಲ್ಕು ಗೋಡೆಗಳಿಗೆ ಮಳೆಗಾಲದಲ್ಲಿ ಅಪಾಯ ಬರುವುದು ಮೇಲಿನಿಂದ ಮಾತ್ರವಲ್ಲ, ಕೆಳಗಿನಿಂದಲೂ ಹೌದು.

ಪುಣೆಯ ಸುತ್ತಲಿನ ನೆಲ ದಖನ್ನಿನ ಕಪ್ಪು ಕಲ್ಲಿನದು. ಮೇಲ್ಪದರದ ಮುರುಮು ಮಳೆನೀರನ್ನು ಹೀರಿಕೊಳ್ಳುತ್ತದೆ. ಅದರಡಿಯ ಗಟ್ಟಿ ಬಂಡೆ ನೀರನ್ನು ಸುಲಭವಾಗಿ ಇಳಿಯಗೊಡದು. ಆದಕಾರಣ ಮೇ ತಿಂಗಳಲ್ಲಿ ತಳ ಕಂಡ ಬಾವಿ ಸೆಪ್ಟೆಂಬರಿನ ಹೊತ್ತಿಗೆ ತುಂಬಿ ನಿಲ್ಲುವುದುಂಟು. ನಾವು ಸಂತೋಷಿಸುತ್ತೇವೆ; ಅದೇ ನೀರು ಶೌಚದ ಇಂಗುಗುಂಡಿಯನ್ನೂ ಮುಟ್ಟಿರಬಹುದೆಂಬುದನ್ನು ಮರೆಯುತ್ತೇವೆ. ಗುಂಡಿಯ ತಳಕ್ಕೂ ಅಂತರ್ಜಲದ ಅತ್ಯುನ್ನತ ಮಟ್ಟಕ್ಕೂ ನಡುವೆ 2 ಮೀಟರಿನಷ್ಟು ಒಣಮಣ್ಣಿರಬೇಕೆಂಬುದು ಸಾಮಾನ್ಯ ನಿಯಮ. ಆ ಮಣ್ಣೇ ಸೋಸುವ ಜರಡಿ. ಅದು ನೀರಿನಲ್ಲಿ ಮುಳುಗಿದರೆ ವಿಷಮಶೀತಜ್ವರ, ಕಾಮಾಲೆ, ವಾಂತಿಭೇದಿಗಳ ಬೀಜಕ್ಕೆ ಬಾವಿಯ ದಾರಿ ತೆರೆದಂತೆಯೇ ಸರಿ.

ಬಾವಿಯಿದ್ದವರಿಗೆ ಪರೀಕ್ಷೆ ಸುಲಭ. ಕಟ್ಟೆಯ ಮೇಲೆ ಬಣ್ಣದಿಂದ ಒಂದು ಗುರುತು ಮಾಡಿರಿ. ಹಿಗ್ಗದ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಮೇಲ್ಬಾಯಿ ಮುಚ್ಚಿದ ಕಬ್ಬಿಣದ ಕೊಳವೆಯ ತುಂಡನ್ನು ಕಟ್ಟಿ ಇಳಿಬಿಡಿರಿ. ನೀರು ಮುಟ್ಟಿದೊಡನೆ ‘ಗುಳುಂ’ ಎಂಬ ಸದ್ದು ಕೇಳುತ್ತದೆ. ಪ್ರತಿ ಭಾನುವಾರ ಬೆಳಿಗ್ಗೆ, ನೀರೆತ್ತುವ ಮೊದಲು ಅಳೆದು, ವಾರದ ಮಳೆಯೊಂದಿಗೆ ವಹಿಯಲ್ಲಿ ಬರೆದಿಡಿರಿ. ಅಂಕಿ ಇಳಿದರೆ ನೀರು ಏರಿತೆಂದೇ ಅರ್ಥ.

ಬಾವಿಯಿಲ್ಲದವರು ತಂತಿ, ಚರಂಡಿ, ನಳಗಳಿಲ್ಲದ ಕಡೆ ಪಾಯಕ್ಕಿಂತ ಆಳವಾಗಿ ಕೈಬೈರಿಗೆಯಿಂದ ರಂಧ್ರ ಕೊರೆಸಬೇಕು. ಬಂಡೆ ತಾಗಿದರೆ ಅಲ್ಲಿಗೇ ನಿಲ್ಲಿಸಬೇಕು. ಕೆಳಭಾಗದಲ್ಲಿ ಗರಗಸದಿಂದ ಸೀಳುಗಳನ್ನು ಮಾಡಿ ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಕೊಳವೆಯನ್ನು ಅದರಲ್ಲಿ ನಿಲ್ಲಿಸಿ, ಸುತ್ತಲೂ ದಪ್ಪ ಮರಳು ತುಂಬಿರಿ. ಮೇಲಿನ ಒಂದಡಿಯನ್ನು ಜೇಡಿಮಣ್ಣಿನಿಂದ ಬಿಗಿಯಾಗಿ ಮುಚ್ಚದಿದ್ದರೆ ಅಂಗಳದ ಮಳೆನೀರೇ ಒಳಗಿಳಿದು ಸುಳ್ಳು ಲೆಕ್ಕ ಹೇಳುತ್ತದೆ. ಕೊಳವೆಗೆ ಮುಚ್ಚಳವೂ ಅಗತ್ಯ.

ಮನೆಯೊಳಗಿನ ಪರೀಕ್ಷೆ ಇನ್ನೂ ಅಗ್ಗ. ಒದ್ದೆ ನೆಲವನ್ನು ಒರೆಸಿ, ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕು ಅಂಚುಗಳನ್ನೂ ಅಂಟಿಸಿ ಎರಡು ದಿನ ಬಿಡಿರಿ. ಹಾಳೆಯ ಅಡಿಯಲ್ಲಿ ತೇವ ಕಂಡರೆ ಅದು ನೆಲದಿಂದ ಬಂದದ್ದು. ಮೇಲೆ ಕಂಡರೆ ಗಾಳಿಯದು. ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿದರೂ ಮೀಟರ್ ತಿರುಗುತ್ತಿದ್ದರೆ ನಳ ಒಡೆದಿರಬಹುದು, ಅಂತರ್ಜಲವನ್ನು ದೂರಬೇಕಾಗಿಲ್ಲ.

ನೀರು ಗುಂಡಿಯ ತಳವನ್ನು ಸಮೀಪಿಸಿದಾಗ ಬಾವಿಯ ನೀರನ್ನು ಕುದಿಸದೆ ಕುಡಿಯಬಾರದು, ಮಕ್ಕಳಿಗಂತೂ ಕೊಡಲೇಬಾರದು. ಆ ದಿನಗಳಲ್ಲಿ ಸೆಪ್ಟಿಕ್ ಟ್ಯಾಂಕನ್ನು ಪೂರ್ತಿಯಾಗಿ ಬರಿದು ಮಾಡಿಸುವುದೂ ಅಪಾಯ. ಹೊರಗಿನ ನೀರಿನ ಒತ್ತಡಕ್ಕೆ ಖಾಲಿ ತೊಟ್ಟಿ ಮೇಲೆದ್ದು ಬಿರಿಯಬಹುದು.

ತಡವಾಗಿ ಎಚ್ಚರಗೊಂಡರೆ ಏನಾಗುವುದೆಂಬುದಕ್ಕೆ ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ಜವುಳು, ಸವುಳು ಭೂಮಿಗಳೇ ಸಾಕ್ಷಿ. ಕೇಂದ್ರ ಅಂತರ್ಜಲ ಮಂಡಳಿಯು ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ನಮ್ಮ ಅಂಗಳವನ್ನು ಅಳೆಯಬೇಕಾದವರು ನಾವೇ.