ತಣ್ಣೀರಿನಲ್ಲಿ ಮುಳುಗುವವರ ಉಡುಪು: ಅದರ ತತ್ತ್ವ ಮತ್ತು ಆಯ್ಕೆ

ದಹಿಸರದಲ್ಲಿ ವಾಸಿಸುವ ನಮಗೆ ನೀರಿನೊಡನೆ ಇರುವ ಪರಿಚಯ ಅಲ್ಪವಾದುದಲ್ಲ. ಜೂನ್ ತಿಂಗಳು ಕಾಲಿಟ್ಟಿತೆಂದರೆ ಕೊಡೆಗಳೂ ರೈನ್‌ಕೋಟುಗಳೂ ಹೊರಬೀಳುತ್ತವೆ. ಲೋಕಲ್ ಗಾಡಿಯಿಂದ ಇಳಿದು ಮನೆ ಸೇರುವಷ್ಟರಲ್ಲಿ ಅವುಗಳನ್ನೂ ಮೀರಿ ಮೈ ತೊಯ್ದಿರುತ್ತದೆ. ಇದರಿಂದ ನಾವು ಕಲಿತ ಪಾಠವೊಂದೇ: ನೀರನ್ನು ಮೈಗೆ ಸೋಕಗೊಡದ ಉಡುಪೇ ಒಳ್ಳೆಯ ಉಡುಪು. ಮಳೆಗೆ ಸಲ್ಲುವ ಈ ಪಾಠವು ಕಡಲಿನ ಆಳಕ್ಕೆ ಹಾಗೆಯೇ ಸಲ್ಲುವುದಿಲ್ಲ. ಅದೇಕೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಮುರುಡೇಶ್ವರದಿಂದ ಕಡಲಿನಲ್ಲಿ ಸುಮಾರು 19 ಕಿಲೋಮೀಟರು ದೂರದಲ್ಲಿರುವ ನೇತ್ರಾಣಿ ದ್ವೀಪವು ಈಗ ಸ್ಕೂಬಾ ಮುಳುಗುವಿಕೆಗೆ ಹೆಸರಾದ ತಾಣ. ಮಳೆಗಾಲ ಕಳೆದ ಮೇಲೆ ರಜೆಯಲ್ಲಿ ಊರಿಗೆ ಹೋಗುವ ನಮ್ಮ ತರುಣ ತರುಣಿಯರಲ್ಲಿ ಕೆಲವರು ಅಲ್ಲಿ ಈ ವಿದ್ಯೆಯ ಮೊದಲ ರುಚಿಯನ್ನು ಕಾಣುತ್ತಾರೆ. ಅಲ್ಲಿಯ ನೀರಿನ ಉಷ್ಣಮಾನ ಸಾಮಾನ್ಯವಾಗಿ 26ರಿಂದ 29 ಡಿಗ್ರಿ ಸೆಂಟಿಗ್ರೇಡ್. 3 ಮಿಲಿಮೀಟರು ದಪ್ಪದ ಉಡುಪು ಧಾರಾಳವಾಗಿ ಸಾಕು. ಇದೇ ಮಕ್ಕಳು ಉದ್ಯೋಗನಿಮಿತ್ತ ಕ್ಯಾಲಿಫೋರ್ನಿಯಕ್ಕೆ ಹೋದರೆನ್ನಿ. ಅಲ್ಲಿ ಅವರಿಗೆ ಹತ್ತಿರವಾದ ಮಾಂಟೆರೆ ಕೊಲ್ಲಿಯ ನೀರು ವರ್ಷದ ಬಹುಭಾಗ 10ರಿಂದ 15 ಡಿಗ್ರಿಯಷ್ಟೆ. ನೇತ್ರಾಣಿಯ ಅಭ್ಯಾಸವನ್ನೇ ಅಲ್ಲಿಗೂ ಕೊಂಡೊಯ್ದರೆ ಆಟವು ಅಪಾಯಕ್ಕೆ ತಿರುಗುವುದಕ್ಕೆ ಹೆಚ್ಚು ಹೊತ್ತು ಬೇಡ.

ನೀರು ಗಾಳಿಗಿಂತ ಸುಮಾರು 25 ಪಟ್ಟು ಉತ್ತಮವಾದ ಉಷ್ಣವಾಹಕ. 27 ಡಿಗ್ರಿಯ ಗಾಳಿಯಲ್ಲಿ ದಿನವೆಲ್ಲ ಸುಖವಾಗಿ ಕಳೆಯಬಹುದು. ಅದೇ 27 ಡಿಗ್ರಿಯ ನೀರಿನಲ್ಲಿ ಒಂದು ಗಂಟೆ ಇದ್ದರೆ ಚಳಿ ಹತ್ತತೊಡಗುತ್ತದೆ. 12 ಡಿಗ್ರಿಯ ನೀರಿನ ಮಾತು ಹೇಳುವುದೇ ಬೇಡ. ಬರಿಮೈಯಲ್ಲಿ ಒಮ್ಮೆಲೇ ಅದರೊಳಗೆ ಬಿದ್ದವನಿಗೆ ಉಸಿರು ಹಿಡಿತ ತಪ್ಪಿ ಏದುಸಿರು ಬರುತ್ತದೆ. ಬಳಿಕ ಬೆರಳುಗಳು ಮರಗಟ್ಟುತ್ತವೆ. ಬಕ್ಕಲು ಬಿಚ್ಚುವುದು, ಗುಂಡಿ ಒತ್ತುವುದು ಮೊದಲಾದ ಸಣ್ಣ ಕೆಲಸಗಳೂ ಅಸಾಧ್ಯವಾಗುತ್ತವೆ. ದೇಹದ ಒಳಗಿನ ಉಷ್ಣಮಾನವು 37ರಿಂದ 35 ಡಿಗ್ರಿಗಿಂತ ಕೆಳಗಿಳಿದರೆ ವಿವೇಕವೇ ಮಂದವಾಗುತ್ತದೆ. ನೀರಿನಡಿಯಲ್ಲಿ ಕೈಯೂ ಬುದ್ಧಿಯೂ ಒಟ್ಟಿಗೆ ಸೋತರೆ ಉಳಿಯುವ ದಾರಿ ಕಡಮೆ.

ಹಾಗಾದರೆ ನೀರನ್ನು ಹೊರಗಿಡುವ ಉಡುಪನ್ನೇ ತೊಡಬಾರದೇಕೆ? ಮಲೆನಾಡಿನಿಂದ ಬಂದ ವಾಚಕರಿಗೆ ಇದರ ಉತ್ತರ ಊರಿನ ಗದ್ದೆಯಲ್ಲೇ ದೊರೆತೀತು. ನಾಟಿಯ ಕಾಲದಲ್ಲಿ ಅಲ್ಲಿ ಎರಡು ಬಗೆಯ ಮಳೆಯುಡುಪುಗಳು ಬಳಕೆಯಲ್ಲಿದ್ದುವು. ಒಂದು ಎಲೆಯಿಂದ ಹೆಣೆದ ಗೊರಬು. ಅದು ನೀರನ್ನು ಹೊರಗೇ ಜಾರಿಸುತ್ತದೆ. ಇನ್ನೊಂದು ಕಂಬಳಿಕೊಪ್ಪೆ, ಅದು ತೊಯ್ಯುತ್ತದೆ, ಆದರೂ ಬೆಚ್ಚಗಿರುತ್ತದೆ. ಉಣ್ಣೆಯ ಎಳೆಗಳ ನಡುವೆ ಸೆರೆಯಾದ ಗಾಳಿಯೇ ಆ ಬಿಸುಪಿನ ಗುಟ್ಟು. ಮುಳುಗುಗಾರರ ಉಡುಪುಗಳಲ್ಲಿಯೂ ಇವೇ ಎರಡು ಜಾತಿ. ಗೊರಬಿನ ಜಾತಿಯದು ಡ್ರೈಸೂಟ್. ಕಂಬಳಿಯ ಜಾತಿಯದು ವೆಟ್‌ಸೂಟ್.

ಎರಡನೆಯ ಮಹಾಯುದ್ಧದ ಕಾಲದ ಮುಳುಗುಗಾರರು ರಬ್ಬರಿನ ಒಣ ಉಡುಪಿನೊಳಗೆ ಉಣ್ಣೆಯ ಬಟ್ಟೆ ತೊಡುತ್ತಿದ್ದರು. ರಬ್ಬರು ಒಂದೆಡೆ ಹರಿದರೂ ನೀರು ಒಳನುಗ್ಗಿ ರಕ್ಷಣೆಯೆಲ್ಲ ಕೆಡುತ್ತಿತ್ತು. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ 1951ರ ಸುಮಾರಿಗೆ ಪ್ರಶ್ನೆಯನ್ನೇ ತಿರುಗಿಸಿ ನೋಡಿದರು. ಮೈ ಒಣಗಿರಬೇಕೆಂಬ ನಿರ್ಬಂಧವೇನು? ಶಾಖವನ್ನು ತಡೆಯುವ ಅನಿಲವು ಉಡುಪಿನ ಪದರದೊಳಗೇ ಸೆರೆಯಾಗಿದ್ದರೆ ಮೈ ತೊಯ್ದರೂ ಚಿಂತೆಯಿಲ್ಲ. ಇದಕ್ಕೆ ಒದಗಿದುದು ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ನೊರೆಹಾಳೆ. ಒಂದಕ್ಕೊಂದು ಸಂಪರ್ಕವಿಲ್ಲದ ಅಸಂಖ್ಯ ಅನಿಲಗುಳ್ಳೆಗಳು ಅದರೊಳಗಿವೆ. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ತೆರೆದ ಜಾಕ್ ಓನೀಲ್ ಮುಂದೆ ಇಂಥ ಉಡುಪನ್ನು ಜನಸಾಮಾನ್ಯರ ಬಳಕೆಗೆ ತಂದವರಲ್ಲಿ ಪ್ರಮುಖರು. ನಮ್ಮ ಮಕ್ಕಳು ಇಂದು ನೆಲೆಸಿರುವ ಆ ತೀರದ ತಣ್ಣೀರೇ ಈ ಉಡುಪಿನ ತವರು.

ವೆಟ್‌ಸೂಟಿನೊಳಗೆ ನುಸುಳಿದ ನೀರು ಚರ್ಮಕ್ಕೂ ಉಡುಪಿಗೂ ನಡುವೆ ತೆಳುವಾದ ಪೊರೆಯಾಗಿ ನಿಂತು ಮೈಯ ಶಾಖದಿಂದ ಬೆಚ್ಚಗಾಗುತ್ತದೆ. ಈ ನೀರೇ ಮೈಯನ್ನು ಕಾಯುತ್ತದೆಂದು ಹಲವರು ತಿಳಿದಿರುವುದುಂಟು; ಅದು ಸರಿಯಲ್ಲ. ಕಾಯುವುದು ಗುಳ್ಳೆಗಳಲ್ಲಿರುವ ಅನಿಲ. ನೀರಿನಿಂದ ನಾವು ಬಯಸುವುದು ಅದು ಅಲ್ಪವಾಗಿರಲಿ, ಅಲ್ಲಾಡದಿರಲಿ ಎಂಬುದಿಷ್ಟೆ. ಉಡುಪು ಸಡಿಲವಾಗಿದ್ದರೆ ಕೈಕಾಲು ಆಡಿಸಿದಾಗಲೆಲ್ಲ ಬೆಚ್ಚನೆಯ ನೀರು ಹೊರಟು ತಣ್ಣೀರು ಒಳಬರುತ್ತದೆ. ಅದನ್ನು ಮತ್ತೆ ಮತ್ತೆ ಕಾಯಿಸುವುದರಲ್ಲೇ ದೇಹ ದಣಿಯುತ್ತದೆ. ಆದಕಾರಣ ಸಡಿಲವಾದ 7 ಮಿಲಿಮೀಟರಿನ ಉಡುಪಿಗಿಂತ ಮೈಗೊಪ್ಪುವ 5 ಮಿಲಿಮೀಟರಿನದೇ ಹೆಚ್ಚು ಬೆಚ್ಚಗಿರಬಹುದು.

ಅಂಗಡಿಯಲ್ಲಿ ತೊಟ್ಟು ನೋಡುವಾಗ ಬೆನ್ನಿನ ಕೆಳಭಾಗ, ಕಂಕುಳು, ತೊಡೆಸಂದುಗಳಲ್ಲಿ ಪೊಳ್ಳು ಉಳಿದಿದೆಯೇ ಎಂದು ಪರೀಕ್ಷಿಸಬೇಕು. ಕುಕ್ಕರುಗಾಲಿನಲ್ಲಿ ಕುಳಿತು, ತೋಳುಗಳನ್ನು ಮೇಲೆತ್ತಿ, ದೀರ್ಘವಾಗಿ ಉಸಿರೆಳೆದು ನೋಡಬೇಕು. ಮಣಿಕಟ್ಟು, ಕಣಕಾಲುಗಳಲ್ಲಿ ಅಂಚು ಚರ್ಮಕ್ಕೆ ಅಂಟಿರಬೇಕು. ಕೊರಳಲ್ಲಿ ಮಾತ್ರ ಅತಿಬಿಗಿಯಾಗಬಾರದು, ಅಲ್ಲಿಯ ರಕ್ತನಾಳಗಳು ಒತ್ತಿದರೆ ತಲೆಸುತ್ತು ಬರುವುದುಂಟು. ಹೊಲಿಗೆಯನ್ನೂ ನೋಡಬೇಕು. ಸೂಜಿಯು ಹಾಳೆಯ ಆಚೆಗೆ ತೂರಿದ ಹೊಲಿಗೆಯಲ್ಲಿ ನೀರು ಒಸರುತ್ತದೆ. ಅಂಚುಗಳನ್ನು ಅಂಟಿಸಿ, ಸೂಜಿ ಆಚೆಬದಿಗೆ ಹಾಯದಂತೆ ಹೊಲಿದುದೇ ತಣ್ಣೀರಿಗೆ ತಕ್ಕುದು.

ಇನ್ನು ದಪ್ಪದ ವಿಚಾರ. ಸಮುದ್ರದಲ್ಲಿ ಪ್ರತಿ 10 ಮೀಟರು ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಬಾಯ್ಲನ ನಿಯಮದಂತೆ 10 ಮೀಟರಿನಲ್ಲಿ ಅನಿಲದ ಗಾತ್ರ ಅರ್ಧವಾಗುತ್ತದೆ, 30 ಮೀಟರಿನಲ್ಲಿ ಕಾಲುಭಾಗ. ನಿಯೋಪ್ರೀನಿನ ರಬ್ಬರು ಕುಗ್ಗದಿದ್ದರೂ ಗುಳ್ಳೆಗಳು ಕುಗ್ಗುತ್ತವೆ. ಎಂದರೆ, ನೀರು ಹೆಚ್ಚು ತಣ್ಣಗಿರುವಲ್ಲಿಯೇ ಉಡುಪು ಹೆಚ್ಚು ದುರ್ಬಲ. ಆದುದರಿಂದ ದಪ್ಪವನ್ನು ಮೇಲಿನ ನೀರನ್ನು ಮುಟ್ಟಿ ನಿರ್ಧರಿಸಬಾರದು; ಇಳಿಯಲಿರುವ ಆಳದ ಉಷ್ಣಮಾನವನ್ನು ಅಲ್ಲಿಯವರಿಂದ ಕೇಳಿ ತಿಳಿಯಬೇಕು. ಸಾಮಾನ್ಯ ಲೆಕ್ಕ ಹೀಗೆ: 24 ಡಿಗ್ರಿಗಿಂತ ಮೇಲೆ 3 ಮಿಲಿಮೀಟರು, 18ರಿಂದ 24ರವರೆಗೆ 5, 10ರಿಂದ 18ರವರೆಗೆ 7, ಜೊತೆಗೆ ಟೊಪ್ಪಿಗೆ, ಕೈಗವಸು, ಕಾಲುಚೀಲ. 10 ಡಿಗ್ರಿಗಿಂತ ಕೆಳಗೆ ಡ್ರೈಸೂಟೇ ಯೋಗ್ಯ. ಆದರೆ ಅದರೊಳಗಿನ ಗಾಳಿಯನ್ನು ನಿಯಂತ್ರಿಸಲು ಬೇರೆಯೇ ಶಿಕ್ಷಣ ಬೇಕು. ತೆಳುಮೈಯವರೂ ಒಂದೇ ದಿನ ಹಲವು ಬಾರಿ ಮುಳುಗುವವರೂ ಒಂದು ಮೆಟ್ಟಲು ಮೇಲಿನದನ್ನು ಆಯುವುದು ಲೇಸು.

ಅನಿಲಗುಳ್ಳೆಗಳು ಮೈಯನ್ನು ತೇಲಿಸುವುದರಿಂದ ಮುಳುಗಲು ಸೀಸದ ತೂಕ ಕಟ್ಟಿಕೊಳ್ಳಬೇಕಷ್ಟೆ. ಉಡುಪು ದಪ್ಪವಾದಷ್ಟೂ ಸೀಸ ಹೆಚ್ಚು. ಆದರೆ ಆಳದಲ್ಲಿ ಗುಳ್ಳೆ ಕುಗ್ಗಿದಾಗ ತೇಲುವ ಶಕ್ತಿ ಹೋಗುತ್ತದೆ, ಸೀಸ ಉಳಿಯುತ್ತದೆ. ನೇತ್ರಾಣಿಯ ತೂಕದ ಲೆಕ್ಕ ಮಾಂಟೆರೆಯಲ್ಲಿ ನಡೆಯದು. ಹೊಸ ಉಡುಪಿನ ಲೆಕ್ಕವನ್ನು ಆಳವಿಲ್ಲದ ನೀರಿನಲ್ಲಿ ಹೊಸದಾಗಿಯೇ ಹಾಕಬೇಕು. ಹಲವು ವರ್ಷ ಬಳಸಿದ ಉಡುಪಿನ ಗುಳ್ಳೆಗಳು ಶಾಶ್ವತವಾಗಿ ಕುಗ್ಗಿರುತ್ತವೆ. ಅಗ್ಗಕ್ಕೆ ದೊರೆತ ಹಳೆಯ 7 ಮಿಲಿಮೀಟರು ನಿಜವಾಗಿ 7 ಆಗಿರಲಾರದು.

ಕೊನೆಯದಾಗಿ ದೇಹದ ಮಾತು. ಕೊರಿಯದ ಜೆಜು ದ್ವೀಪದಲ್ಲಿ ಹೆನ್ಯೊ ಎಂಬ ಮುಳುಗುಗಾರ್ತಿಯರಿದ್ದಾರೆ. 1970ರ ದಶಕದವರೆಗೂ ಅವರು ಹತ್ತಿಯ ಬಟ್ಟೆಯಲ್ಲೇ ಚಳಿಗಾಲದ ಕಡಲಿಗೆ ಇಳಿಯುತ್ತಿದ್ದರು. ದೇಹದ ಉಷ್ಣಮಾನ 35 ಡಿಗ್ರಿಯ ಸುಮಾರಿಗೆ ಇಳಿದಾಗ ಮೇಲೆ ಬಂದು ಬೆಂಕಿ ಕಾಯಿಸಿಕೊಳ್ಳುತ್ತಿದ್ದರು. 1960ರ ದಶಕದಲ್ಲಿ ಸುಕ್ ಕಿ ಹಾಂಗ್ ಮತ್ತು ಹರ್ಮನ್ ರಾನ್ ಎಂಬ ವಿಜ್ಞಾನಿಗಳು ಪರಿಶೀಲಿಸಿದಾಗ, ಚಳಿಯನ್ನು ಸಹಿಸುವ ವಿಶೇಷ ಶಕ್ತಿ ಅವರ ದೇಹಕ್ಕೆ ಬಂದಿದ್ದುದು ಕಂಡಿತು. ವೆಟ್‌ಸೂಟ್ ಬಂದ ಮೇಲೆ ಅವರು ನೀರಿನಲ್ಲಿ ಬಹಳ ಹೊತ್ತು ದುಡಿಯುವಂತಾಯಿತು. ಆದರೆ ಕೆಲವೇ ವರ್ಷಗಳಲ್ಲಿ ಆ ಶಕ್ತಿ ಮಾಯವಾಯಿತು. ಉಡುಪು ಕೊಡುವುದು ಸ್ವಲ್ಪ ಹೆಚ್ಚಿನ ಸಮಯವನ್ನು ಮಾತ್ರ; ಅದು ಚಳಿಯನ್ನು ಇಲ್ಲವಾಗಿಸುವುದಿಲ್ಲ. ನಡುಕ ಹುಟ್ಟಿತೆಂದರೆ, ಸಿಲಿಂಡರಿನಲ್ಲಿ ಗಾಳಿ ಎಷ್ಟೇ ಉಳಿದಿರಲಿ, ಸಂಗಡಿಗನಿಗೆ ಸನ್ನೆ ಮಾಡಿ ಕ್ರಮವಾಗಿ ಮೇಲೇರತಕ್ಕದ್ದು.

ದೂರದ ದೇಶದಿಂದ ಮಗಳೋ ಮಗನೋ "ಉಡುಪು ಕೊಂಡೆ, 7 ಮಿಲಿಮೀಟರಿನದು" ಎಂದು ತಿಳಿಸಿದಾಗ, ದಹಿಸರದ ತಾಯಿತಂದೆಗಳು ಅಷ್ಟಕ್ಕೇ ಸಮಾಧಾನಪಡಬೇಕಾಗಿಲ್ಲ. "ಬೆನ್ನಿನಲ್ಲಿ ಪೊಳ್ಳು ಉಳಿದಿಲ್ಲವಷ್ಟೆ? ತೂಕವನ್ನು ಮತ್ತೆ ನೋಡಿಕೊಂಡೆಯಾ?" ಎಂಬೆರಡು ಪ್ರಶ್ನೆಗಳನ್ನು ಕೇಳಲಿ. ಮುಳುಗಲು ಬಾರದವರೂ ಕೇಳಬಹುದಾದ ಪ್ರಶ್ನೆಗಳಿವು.